ದಶೈನ್‌ಗೆ ಊರಿಗೆ ಹೋಗುವ ಅನಾಥರು

(ಓದುಗರ ಬಳಗವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ, ಆಹ್ವಾನ ಪತ್ರಿಕೆಯಲ್ಲಿ ಈ ಹೊತ್ತಿನ ವಿಷಯವನ್ನು ‘ನೇಪಾಳದಲ್ಲಿ ಅನಾಥ ಮಕ್ಕಳ ಸೇವೆ ಮತ್ತು ಪ್ರವಾಸ’ ಎಂದು ಅಚ್ಚು ಹಾಕಿಸಿದ್ದೀರಿ. ಆ ಸಾಲಿನಲ್ಲಿರುವ ‘ಮತ್ತು’ ಎಂಬ ಪುಟ್ಟ ಪದದ ಸುತ್ತಲೇ ನನ್ನ ಮಾತು ತಿರುಗಲಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಸೇವೆ ಒಂದು ದಡ, ಪ್ರವಾಸ ಇನ್ನೊಂದು ದಡ, ನಡುವೆ ಒಂದು ಕಾಲುಸಂಕ ಎಂಬಂತೆ ಆ ಪದ ಕಾಣುತ್ತದೆ; ನಾನೂ ಹಾಗೆಯೇ ಎಣಿಸಿ ಹೊರಟವನು. ಪ್ರವಾಸಿಗರು ಎಲ್ಲೆಲ್ಲಿ ಇಳಿದುಕೊಳ್ಳುತ್ತಾರೋ ಅಲ್ಲಲ್ಲೇ ಅನಾಥಾಲಯಗಳು ಏಕೆ ಕಿಕ್ಕಿರಿದಿರುತ್ತವೆ ಎಂದು ಕೇಳಿಕೊಳ್ಳುವ ಬುದ್ಧಿ ನನಗೆ ಬಂದದ್ದು ಹೋಗಿ ಬಂದ ಎಷ್ಟೋ ತಿಂಗಳ ಮೇಲೆ.

2014ರ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ, ಒಟ್ಟು 21 ದಿನ, ನಾನು ಕಠ್ಮಂಡು ಕಣಿವೆಯ ಲಲಿತಪುರದ ಹೊರಬದಿಯಲ್ಲಿದ್ದ ಒಂದು ಬಾಲಗೃಹದಲ್ಲಿ ಸ್ವಯಂಸೇವಕನಾಗಿದ್ದೆ. ನಮ್ಮವರಿಗೆ ನೇಪಾಳ ವಿದೇಶವೆಂದು ಅನ್ನಿಸುವುದೇ ಕಷ್ಟ. ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ಸಾಕು; ನಮ್ಮ ಒಂದು ರೂಪಾಯಿಗೆ ಅವರ 1 ರೂಪಾಯಿ 60 ಪೈಸೆ ಎಂಬ ದರ 1993ರಿಂದ ಕದಲಿಲ್ಲ; ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕೂಡ ದಕ್ಷಿಣದಿಂದ, ಅದರಲ್ಲೂ ಹೆಚ್ಚಾಗಿ ಕರ್ನಾಟಕದ ಕಡೆಯಿಂದ ಹೋದವರು. ಬಾಗ್ಮತಿಯ ದಂಡೆಯಲ್ಲಿ ನಿಂತು ಕನ್ನಡದ ಮಾತು ಕಿವಿಗೆ ಬಿದ್ದಾಗ ಉಂಟಾಗುವ ಸಲಿಗೆಯಲ್ಲಿ, ಇಲ್ಲಿಯ ಮಕ್ಕಳೂ ನಮ್ಮ ಮಕ್ಕಳೇ ಎಂಬ ಭಾವ ತಾನಾಗಿ ಬಂದುಬಿಡುತ್ತದೆ. ಆ ಭಾವ ಸುಳ್ಳಲ್ಲ. ಆದರೆ ಅದಕ್ಕೆ ವಿಚಾರಣೆ ಮಾಡುವ ಅಭ್ಯಾಸವಿಲ್ಲ. ಮಧ್ಯವರ್ತಿ ಸಂಸ್ಥೆಯೊಂದಕ್ಕೆ ಊಟ, ವಸತಿ ಮತ್ತು ದೇಣಿಗೆಯ ಲೆಕ್ಕದಲ್ಲಿ ಹಣ ಕಟ್ಟಿದೆ. ಅವರು ನನ್ನಿಂದ ಒಂದು ಭಾವಚಿತ್ರ ಮತ್ತು ಟಿ-ಷರ್ಟಿನ ಅಳತೆ ಕೇಳಿದರು. ಪೊಲೀಸ್ ಪರಿಶೀಲನೆಯ ಪತ್ರ ಕೇಳಲಿಲ್ಲ. ಮಕ್ಕಳು ಮಲಗುವ ಮನೆಯೊಳಗೆ ಹೋಗಲಿರುವ ಅಪರಿಚಿತ ಗಂಡಸೊಬ್ಬನ ಬಗ್ಗೆ ಯಾರಿಗೂ ಯಾವ ಪ್ರಶ್ನೆಯೂ ಇರಲಿಲ್ಲ, ಮತ್ತು ಅದು ವಿಚಿತ್ರವೆಂದು ಆ ಗಂಡಸಿಗೂ ತೋಚಲಿಲ್ಲ.

ಬೆಳಗ್ಗೆ ಮಕ್ಕಳನ್ನು ಶಾಲೆಗೆ ಹೊರಡಿಸುವುದು, ಸಂಜೆ ಮನೆಪಾಠ ಮಾಡಿಸುವುದು ನನ್ನ ಕೆಲಸ. ನಡುವಿನ ಆರೇಳು ಗಂಟೆ ನನ್ನದೇ. ಆ ಹೊತ್ತಿನಲ್ಲಿ ನಾನು ಕಂಡದ್ದನ್ನು ಕಡಿಮೆ ಮಾಡಿ ಹೇಳಲಾರೆ, ಏಕೆಂದರೆ ಆ ಕಣಿವೆ ಅಷ್ಟು ಶ್ರೀಮಂತವಾದದ್ದು. ಕಠ್ಮಂಡು, ಪಾಟನ್ (ಲಲಿತಪುರದ ಇನ್ನೊಂದು ಹೆಸರು) ಮತ್ತು ಭಕ್ತಪುರಗಳ ಮೂರು ಅರಮನೆ ಚೌಕಗಳು, ಸ್ವಯಂಭೂ ಮತ್ತು ಬೌದ್ಧನಾಥದ ಸ್ತೂಪಗಳು, ಪಶುಪತಿ ಮತ್ತು ಚಾಂಗು ನಾರಾಯಣ ದೇವಾಲಯಗಳು, ಹೀಗೆ ಏಳು ತಾಣಗಳನ್ನು ಒಟ್ಟಿಗೆ ಸೇರಿಸಿ ಯುನೆಸ್ಕೊ 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ತಂದಿತು. ಪಾಟನ್‌ನಲ್ಲಿ ಸಿದ್ಧಿನರಸಿಂಹ ಮಲ್ಲ 1637ರಲ್ಲಿ ಕಟ್ಟಿಸಿದ ಕೃಷ್ಣ ಮಂದಿರವಿದೆ; ಸುತ್ತಲಿನ ಹೆಚ್ಚಿನ ಗುಡಿಗಳು ಇಟ್ಟಿಗೆ ಮತ್ತು ಮರದವು, ಇದು ಶಿಖರ ಶೈಲಿಯ ಕಲ್ಲಿನ ಗುಡಿ. ಅದರ ಒಂದು ಅಂತಸ್ತಿನ ಪಟ್ಟಿಕೆಯಲ್ಲಿ ಮಹಾಭಾರತವೂ ಅದರ ಮೇಲಿನ ಅಂತಸ್ತಿನಲ್ಲಿ ರಾಮಾಯಣವೂ ಕೆತ್ತಲ್ಪಟ್ಟಿವೆ. ಬೇಲೂರು, ಹಳೇಬೀಡುಗಳ ಪಟ್ಟಿಕೆಗಳ ಮುಂದೆ ಕತ್ತೆತ್ತಿ ನಿಂತು ಬೆಳೆದ ಕಣ್ಣಿಗೆ ಅಲ್ಲಿ ಕಥೆ ಓದಲು ಮಾರ್ಗದರ್ಶಿ ಬೇಕಾಗುವುದಿಲ್ಲ. ಭಕ್ತಪುರದಲ್ಲಿ ಭೂಪತೀಂದ್ರ ಮಲ್ಲ 1702ರಲ್ಲಿ ಎತ್ತಿಸಿದ ಐದು ಚಾವಣಿಗಳ ನ್ಯಾತಪೋಲ ದೇವಾಲಯದ ಮೆಟ್ಟಿಲ ಬದಿಗಳಲ್ಲಿ ಜಟ್ಟಿಗಳು, ಅವರ ಮೇಲೆ ಆನೆಗಳು, ಆನೆಗಳ ಮೇಲೆ ಸಿಂಹಗಳು ಹೀಗೆ ಒಂದರ ಮೇಲೊಂದು ಜೋಡಿ ಕಾವಲಿಗಿವೆ. ಪ್ರತಿಯೊಂದು ಜೋಡಿಯೂ ತನ್ನ ಕೆಳಗಿನದಕ್ಕಿಂತ ಹತ್ತು ಪಟ್ಟು ಬಲಶಾಲಿ ಎಂಬುದು ಅಲ್ಲಿಯವರ ನಂಬಿಕೆ. ಆ ಲೆಕ್ಕ ನಿಜವಿರಬೇಕು ಎನ್ನುವಂತೆ 2015ರ ಏಪ್ರಿಲ್ 25ರ ಭೂಕಂಪದಲ್ಲಿ ನ್ಯಾತಪೋಲ ನಿಂತಿತು, ಕಠ್ಮಂಡುವಿನ ಹಳೆಯ ಮರದ ಮಂಟಪವಾದ ಕಾಷ್ಠಮಂಡಪ ನೆಲಕ್ಕೆ ಕುಸಿಯಿತು. ನಾನು 213 ಮೆಟ್ಟಿಲು ಹತ್ತಿ ಊರು ನೋಡಿದ್ದ ಧರಹರಾ ಗೋಪುರ ಏಳು ತಿಂಗಳ ನಂತರ ಒಂದು ಮೊಂಡು ಬುಡವಾಗಿ ಉಳಿಯಿತು.

ಬಾಲಗೃಹದ ವಿಷಯಕ್ಕೆ ಬರುತ್ತೇನೆ. ನಾನು ಹೋದಾಗ ಅಲ್ಲಿ 22 ಮಕ್ಕಳಿದ್ದರು. ಎಲ್ಲರೂ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವರು ಎಂದು ವ್ಯವಸ್ಥಾಪಕರು ಮೊದಲ ದಿನವೇ ಮೆಲುದನಿಯಲ್ಲಿ ತಿಳಿಸಿ, ಮಕ್ಕಳ ಮುಂದೆ ಮನೆಯ ಮಾತು ಎತ್ತಬಾರದು, ಅವರಿಗೆ ನೋವಾಗುತ್ತದೆ ಎಂದು ಎಚ್ಚರಿಸಿದರು. ಅದು ಎಷ್ಟು ಸೂಕ್ಷ್ಮ ಮನಸ್ಸಿನ ಮಾತು ಎಂದು ಅಂದು ಮೆಚ್ಚಿಕೊಂಡಿದ್ದೆ. ಮೊದಲ ಸಂಜೆಯೇ ನಾನು ಹುಮ್ಮಸ್ಸಿನಿಂದ ಇಂಗ್ಲಿಷಿನಲ್ಲಿ ಬಣ್ಣಗಳ ಹೆಸರು ಕಲಿಸಲು ಕುಳಿತೆ. ಮಕ್ಕಳು ತೊದಲಿದರು, ತಪ್ಪಿದರು, ಸರಿಪಡಿಸಿಕೊಂಡರು, ನನಗೆ ಕೃತಾರ್ಥತೆ. ವಾರದ ಮೇಲೆ ಕಪಾಟಿನಲ್ಲಿ ಹಳೆಯ ನೋಟ್‌ಬುಕ್ಕುಗಳ ಕಟ್ಟು ಸಿಕ್ಕಿತು. ಒಂದೊಂದರಲ್ಲೂ ಅದೇ ಬಣ್ಣಗಳು, ಅದೇ ಹಣ್ಣುಗಳು, ಅದೇ ದೇಹದ ಭಾಗಗಳು, ಬೇರೆ ಬೇರೆ ದೇಶದವರ ಕೈಬರಹದಲ್ಲಿ. ನನಗಿಂತ ಮೊದಲು ಹತ್ತಾರು ಮಂದಿ ಬಂದು ಕೆಂಪು, ಹಳದಿ, ಹಸಿರಿನಿಂದಲೇ ಪಾಠ ಶುರುಮಾಡಿ, ನೀಲಿಯ ಹೊತ್ತಿಗೆ ವಿಮಾನ ಹತ್ತಿ ಹೋಗಿದ್ದರು. ಮಕ್ಕಳಿಗೆ ಎಲ್ಲವೂ ಬರುತ್ತಿತ್ತು. ಬಾರದವರಂತೆ ನಟಿಸುವುದೇ ಬಂದವರಿಗೆ ಸಲ್ಲಿಸುವ ಅತಿಥಿ ಸತ್ಕಾರವೆಂದು ಅವರು ಕಲಿತಿದ್ದರು.

ಆಮೇಲೆ ದಶೈನ್ ಬಂತು. ನಮ್ಮ ನವರಾತ್ರಿಯೇ ನೇಪಾಳದ ದಶೈನ್. ಆ ದೇಶದ ಅತಿ ದೊಡ್ಡ ಹಬ್ಬ. ಘಟಸ್ಥಾಪನೆಯ ದಿನ ಮರಳು ಮಣ್ಣಿನಲ್ಲಿ ಬಾರ್ಲಿ ಬಿತ್ತಿ ಕತ್ತಲ ಕೋಣೆಯಲ್ಲಿ ಇಡುತ್ತಾರೆ. ವಿಜಯದಶಮಿಯ ಹೊತ್ತಿಗೆ ಅದು ಹಳದಿ ಮೊಳಕೆಯಾಗಿ ನೀಳವಾಗಿ ಬೆಳೆದಿರುತ್ತದೆ, ಅದಕ್ಕೆ ಜಮರಾ ಎಂದು ಹೆಸರು. ಮನೆಯ ಹಿರಿಯರು ಅಕ್ಕಿ, ಮೊಸರು, ಕುಂಕುಮ ಕಲಸಿದ ದಪ್ಪನೆಯ ಟೀಕಾವನ್ನು ಕಿರಿಯರ ಹಣೆಗೆ ಒತ್ತಿ, ಜಮರಾ ಮುಡಿಸಿ ಹರಸುತ್ತಾರೆ. ಟೀಕಾ ಹಚ್ಚಿಸಿಕೊಳ್ಳಲು ಜನ ಎಲ್ಲಿದ್ದರೂ ಊರಿಗೆ ಹೊರಡುವುದರಿಂದ ಕಠ್ಮಂಡುವಿನ ಬೀದಿಗಳು ಬರಿದಾಗುತ್ತವೆ. ನಮ್ಮ ಬಾಲಗೃಹವೂ ಬರಿದಾಗತೊಡಗಿತು. ಒಂದು ಬೆಳಗ್ಗೆ ಧಾದಿಂಗ್ ಕಡೆಯಿಂದ ಹೆಂಗಸೊಬ್ಬಳು ಬಂದು ಇಬ್ಬರು ಹುಡುಗಿಯರನ್ನು ಕರೆದುಕೊಂಡು ಹೋದಳು. ಮಾರನೆಯ ದಿನ ನುವಾಕೋಟ್‌ನಿಂದ ಒಬ್ಬ. ವಿಚಾರಿಸಿದರೆ ‘ದೂರದ ಬಂಧುಗಳು’ ಎಂಬ ಉತ್ತರ ಬಂತು. ವಿಜಯದಶಮಿಯ ಮುನ್ನಾದಿನ ಎಣಿಸಿದಾಗ 22 ಮಕ್ಕಳಲ್ಲಿ ಉಳಿದವರು 9. ಅನಾಥರು ಹಬ್ಬಕ್ಕೆ ಊರಿಗೆ ಹೋಗಿದ್ದರು.

ಉಳಿದ ಒಂಬತ್ತು ಮಂದಿ ಹುಮ್ಲಾ, ಜುಮ್ಲಾದಂಥ ದೂರದ ಜಿಲ್ಲೆಗಳವರು. ಅವರಲ್ಲಿ ಹತ್ತು ವರ್ಷದ ಒಬ್ಬ ಹುಡುಗ, ಅಡುಗೆ ಮಾಡುವ ದಿದಿ ಹಣೆಗೆ ಟೀಕಾ ಒತ್ತಲು ಬಂದಾಗ ತಲೆ ಹಿಂದಕ್ಕೆ ಎಳೆದುಕೊಂಡ. ಬುವಾ ಇಡುತ್ತಾರೆ, ಬುವಾ ಬರುವುದು ತಡವಾಗಿದೆ, ಪೂರ್ಣಿಮೆಯವರೆಗೂ ಇಡಬಹುದಲ್ಲ ಎಂದ. ಬುವಾ ಎಂದರೆ ಅಪ್ಪ. ದಶೈನ್‌ನ ಟೀಕಾ ಹುಣ್ಣಿಮೆಯವರೆಗೆ ನಡೆಯುವುದು ನಿಜ. ದಿದಿ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಗೋಡೆಯ ಮೇಲೆ ದಾನಿಗಳ ಹೆಸರಿನ ಫಲಕವಿತ್ತು.

ಮುಂದಿನದನ್ನು ನಾನು ಊರಿಗೆ ಮರಳಿ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಹುಮ್ಲಾ ನೇಪಾಳದ ವಾಯವ್ಯ ತುದಿಯಲ್ಲಿ ಟಿಬೆಟಿಗೆ ಒತ್ತಿಕೊಂಡಿರುವ ಕರ್ನಾಲಿ ಪ್ರದೇಶದ ಜಿಲ್ಲೆ. ಅದರ ಕೇಂದ್ರವಾದ ಸಿಮಿಕೋಟ್‌ಗೆ ತಲುಪಲು ನೇಪಾಳ್‌ಗಂಜ್‌ನಿಂದ ಸಣ್ಣ ವಿಮಾನ ಹಿಡಿಯಬೇಕಾಗಿತ್ತು. ನಿಮ್ಮಲ್ಲಿ ಆ ದಾರಿಯಾಗಿ ಕೈಲಾಸ ಮಾನಸ ಸರೋವರಕ್ಕೆ ಹೋದವರಿದ್ದರೆ ಸಿಮಿಕೋಟ್‌ನಲ್ಲಿ ಇಳಿದು, ಅಲ್ಲಿಂದ ಹೆಲಿಕಾಪ್ಟರಿನಲ್ಲಿ ಗಡಿಯ ಹಿಲ್ಸಾಕ್ಕೆ ಹಾರಿದ್ದು ನೆನಪಿರಬೇಕು. ಕಿಟಕಿಯಿಂದ ಕೆಳಗೆ ಮೆಟ್ಟಿಲುಗದ್ದೆಗಳ ನಡುವೆ ಕಂಡ ಮಣ್ಣಿನ ಚಪ್ಪಟೆ ಚಾವಣಿಗಳ ಊರುಗಳಿಂದಲೇ ಈ ಮಕ್ಕಳು ಬಂದದ್ದು. 1996ರಿಂದ 2006ರವರೆಗೆ ನಡೆದ ಮಾವೋವಾದಿ ಸಂಘರ್ಷದ ಕಾಲದಲ್ಲಿ ಅಲ್ಲಿಯ ಶಾಲೆಗಳು ನಡೆಯುವುದು ದುಸ್ತರವಾಗಿತ್ತು, ಮಕ್ಕಳನ್ನೂ ಪಡೆಗೆ ಎಳೆದೊಯ್ಯುವರೆಂಬ ಭಯವಿತ್ತು. ಆಗ ಪಟ್ಟಣದ ಬೋರ್ಡಿಂಗ್ ಶಾಲೆಯಲ್ಲಿ ಓದಿಸುತ್ತೇವೆ ಎಂದು ದಲ್ಲಾಳಿಗಳು ಬಂದರು. ತಂದೆ ತಾಯಿ ಮಕ್ಕಳನ್ನು ಮಾರಲಿಲ್ಲ ಎಂಬುದನ್ನು ಗಮನಿಸಬೇಕು. ಎಷ್ಟೋ ಕಡೆ ಅವರೇ ಹೊಲ, ದನ ಮಾರಿ, ಸಾಲ ಮಾಡಿ ದಲ್ಲಾಳಿಗೆ ಹಣ ಕೊಟ್ಟು ಮಕ್ಕಳನ್ನು ಓದಲು ಕಳಿಸಿದರು. ಕಠ್ಮಂಡುವಿಗೆ ಬರುವಷ್ಟರಲ್ಲಿ ಆ ಮಕ್ಕಳ ಹೆಸರು ಬದಲಾಗುತ್ತಿತ್ತು, ಬದುಕಿರುವ ತಂದೆ ತಾಯಿಯ ಹೆಸರಿನಲ್ಲಿ ಸಾವಿನ ಕಾಗದ ತಯಾರಾಗುತ್ತಿತ್ತು. ಸಂಘರ್ಷ ಮುಗಿದ ಮೇಲೂ ಈ ದಾರಿ ಮುಚ್ಚಲಿಲ್ಲ, ಏಕೆಂದರೆ ಅಷ್ಟರಲ್ಲಿ ಇನ್ನೊಂದು ತುದಿಯಲ್ಲಿ ನಾವು ಬಂದು ನಿಂತಿದ್ದೆವು.

ನಾವು ಎಂದರೆ ಹಣ ಕಟ್ಟಿ ಬರುವವರು. ನೇಪಾಳದಲ್ಲಿ ಆ ಕಾಲಕ್ಕೆ 75 ಜಿಲ್ಲೆಗಳಿದ್ದವು. ಬಡತನ ಎಲ್ಲಿ ಹೆಚ್ಚೋ, ಯುದ್ಧದ ಗಾಯ ಎಲ್ಲಿ ಆಳವೋ ಅಲ್ಲಿ ಅನಾಥಾಲಯಗಳು ಹೆಚ್ಚಿರಬೇಕಲ್ಲವೇ? ಬಹುಪಾಲು ಬಾಲಗೃಹಗಳು ಇದ್ದದ್ದು ಕಠ್ಮಂಡು, ಲಲಿತಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ, ಮತ್ತು ಘೇಂಡಾಮೃಗಗಳ ರಾಷ್ಟ್ರೀಯ ಉದ್ಯಾನವಿರುವ ಚಿತವನ್, ಈ ಐದು ಜಿಲ್ಲೆಗಳಲ್ಲಿ. ಈ ಪಟ್ಟಿಯನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ಯಾವುದೇ ಪ್ರವಾಸ ಏಜೆನ್ಸಿಯ ಏಳು ದಿನಗಳ ನೇಪಾಳ ಪ್ಯಾಕೇಜಿನ ಕರಪತ್ರ ಇದು. ಫೇವಾ ಸರೋವರದಲ್ಲಿ ದೋಣಿ ಹತ್ತಿ ತಾಲ್ ಬಾರಾಹಿ ಗುಡಿಗೆ ಹೋಗುವವರಿಗೆ, ಸಾರಂಗ್‌ಕೋಟ್ ಗುಡ್ಡದಿಂದ ಮಚ್ಛಪುಚ್ಛ್ರೆಯ ಮೇಲೆ ಸೂರ್ಯೋದಯ ನೋಡುವವರಿಗೆ, ಮಧ್ಯಾಹ್ನದ ಬಿಡುವಿಗೆ ಒಂದಷ್ಟು ಅನಾಥರು ಬೇಕು. ಹಾಗಾಗಿ ಅನಾಥರನ್ನು ಅಲ್ಲಿಗೆ ತರಲಾಯಿತು. ನೇಪಾಳದ ಅನಾಥಾಲಯಗಳಲ್ಲಿರುವ ಮಕ್ಕಳಲ್ಲಿ ನೂರಕ್ಕೆ 85ರಷ್ಟು ಮಂದಿಗೆ ತಂದೆ ಅಥವಾ ತಾಯಿ, ಒಬ್ಬರಾದರೂ ಬದುಕಿದ್ದಾರೆ ಎಂದು ಯುನಿಸೆಫ್ 2015ರಲ್ಲಿ ಹೇಳಿತು. ಕಾಗದಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ಅದಕ್ಕೂ ಐದು ವರ್ಷ ಮೊದಲೇ ಬಯಲಾಗಿತ್ತು: ಹೆತ್ತವರು ತೊರೆದ ಮಕ್ಕಳು ಎಂಬ ದಾಖಲೆಗಳು ವಿಶ್ವಾಸಾರ್ಹವಲ್ಲವೆಂದು 2010ರ ಆಗಸ್ಟ್‌ನಲ್ಲಿ ಅಮೆರಿಕ ನೇಪಾಳದಿಂದ ಅಂಥ ಮಕ್ಕಳ ದತ್ತು ಪಡೆಯುವಿಕೆಯನ್ನು ನಿಲ್ಲಿಸಿತ್ತು.

ಎಲ್ಲ ಬಾಲಗೃಹಗಳೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ನಿಜವಾಗಿಯೂ ಯಾರೂ ಇಲ್ಲದ ಮಕ್ಕಳಿದ್ದಾರೆ, ಮನೆಯಲ್ಲೇ ಹಿಂಸೆಗೆ ಒಳಗಾದವರಿದ್ದಾರೆ, ಅವರನ್ನು ಪ್ರಾಮಾಣಿಕವಾಗಿ ಸಾಕುವವರೂ ಇದ್ದಾರೆ. ನಾನಿದ್ದ ಮನೆಯಲ್ಲೂ ಮಕ್ಕಳನ್ನು ಯಾರೂ ಹೊಡೆಯುತ್ತಿರಲಿಲ್ಲ, ದಾಲ್ ಭಾತ್ ಎರಡು ಹೊತ್ತು ತಪ್ಪುತ್ತಿರಲಿಲ್ಲ. ಆದರೆ ಒಂದು ವಿಷಯ ನನ್ನನ್ನು ಈಗಲೂ ಕಾಡುತ್ತದೆ. ದೇಣಿಗೆಯಾಗಿ ಬಂದ ಹೊಸ ಚಪ್ಪಲಿಗಳ ಪೆಟ್ಟಿಗೆ ನಾನಿದ್ದಷ್ಟು ದಿನವೂ ಕಪಾಟಿನ ಮೇಲೆಯೇ ಇತ್ತು, ಮಕ್ಕಳ ಕಾಲಲ್ಲಿ ಹರಿದ ಚಪ್ಪಲಿಗಳೇ ಇದ್ದವು. ಹರಿದ ಚಪ್ಪಲಿಗೆ ಪ್ರತಿ ವಾರವೂ ಒಬ್ಬ ಹೊಸ ದಾನಿ ಸಿಗುತ್ತಾನೆ, ಹೊಸ ಚಪ್ಪಲಿಗೆ ಸಿಗುವುದಿಲ್ಲ ಎಂಬ ವ್ಯಾಪಾರ ನನಗೆ ಅರ್ಥವಾಗುವ ಹೊತ್ತಿಗೆ ನಾನೂ ಒಂದು ಜೊತೆಗೆ ಹಣ ಕೊಟ್ಟಾಗಿತ್ತು.

ಇನ್ನು ಪ್ರೀತಿಯ ಮಾತು. ಹೋದ ಮೊದಲ ಅರ್ಧ ಗಂಟೆಯಲ್ಲೇ ನಾಲ್ಕು ವರ್ಷದ ಹುಡುಗಿಯೊಬ್ಬಳು ನನ್ನ ತೊಡೆ ಏರಿ ಕುತ್ತಿಗೆ ತಬ್ಬಿಕೊಂಡಳು. ಅದರ ಚಿತ್ರ ಬಹಳ ದಿನ ನನ್ನ ಫೋನಿನ ಪರದೆಯ ಮೇಲಿತ್ತು. ಮನೆಯಲ್ಲಿ ಬೆಳೆದ ನಾಲ್ಕು ವರ್ಷದ ಮಗು ಅಪರಿಚಿತನನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಸರಿಯುತ್ತದೆ, ಸರಿಯಬೇಕು. ಜಾನ್ ಬೌಲ್ಬಿ ಎಂಬ ಬ್ರಿಟಿಷ್ ಮನೋವೈದ್ಯರು ವಿಶ್ವ ಆರೋಗ್ಯ ಸಂಸ್ಥೆಗೆ 1951ರಲ್ಲಿ ಬರೆದ ವರದಿಯಲ್ಲೇ, ಮಗುವಿನ ಮನಸ್ಸು ನೆಟ್ಟಗೆ ಬೆಳೆಯಲು ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿರುವ ಒಬ್ಬರ ನಿರಂತರವಾದ ಸಾಮೀಪ್ಯ ಬೇಕೆಂದು ವಿವರಿಸಿದ್ದರು. 1989ರಲ್ಲಿ ರೊಮೇನಿಯಾದ ಸರ್ವಾಧಿಕಾರ ಬಿದ್ದ ಮೇಲೆ ಅಲ್ಲಿಯ ಅನಾಥಾಲಯಗಳ ಸ್ಥಿತಿ ಜಗತ್ತಿಗೆ ತಿಳಿಯಿತು. ಮುಂದೆ ಬುಖಾರೆಸ್ಟ್‌ನಲ್ಲಿ ಸಂಶೋಧಕರು ಅನಾಥಾಲಯಗಳ 136 ಪುಟ್ಟ ಮಕ್ಕಳನ್ನು ಆಯ್ದು, ಚೀಟಿ ಎತ್ತಿದಂತೆ ಅರ್ಧದಷ್ಟು ಮಂದಿಯನ್ನು ಸಾಕು ಕುಟುಂಬಗಳಿಗೆ ಕಳಿಸಿ, ಉಳಿದವರ ಜೊತೆ ಹೋಲಿಸುತ್ತಾ ವರ್ಷಗಟ್ಟಲೆ ಗಮನಿಸಿದರು. ಕುಟುಂಬ ಸೇರಿದ ಮಕ್ಕಳು ಬುದ್ಧಿಯಲ್ಲಿಯೂ ಬಾಂಧವ್ಯದಲ್ಲಿಯೂ ಚೇತರಿಸಿಕೊಂಡರು. ಎರಡು ವರ್ಷದೊಳಗೆ ಸೇರಿದವರು ಇನ್ನೂ ಚೆನ್ನಾಗಿ. ಅಂದರೆ ನನ್ನ ಕುತ್ತಿಗೆ ತಬ್ಬಿದ ಆ ತೋಳುಗಳು ನನ್ನ ಒಳ್ಳೆಯತನಕ್ಕೆ ಸಿಕ್ಕ ಪ್ರಶಸ್ತಿಯಾಗಿರಲಿಲ್ಲ. ಅದು ಪರೀಕ್ಷಿಸಿ ನೋಡಬೇಕಾದ ಒಂದು ಲಕ್ಷಣವಾಗಿತ್ತು, ಮತ್ತು 21 ದಿನ ಮುದ್ದಾಡಿ ಹೊರಟ ನಾನು ಆ ಕಾಯಿಲೆಗೆ ಒಂದಿಷ್ಟು ಸೇರಿಸಿದೆ. ಹೊರಡುವ ಸಂಜೆ ಮಕ್ಕಳು ಸಾಲಾಗಿ ನಿಂತು ವಿದಾಯದ ಹಾಡು ಹೇಳಿದರು. ಒಬ್ಬರ ದನಿಯೂ ತಪ್ಪಲಿಲ್ಲ. ಅಷ್ಟು ಅಭ್ಯಾಸ ಹೇಗೆ ಆಯಿತೆಂದು ಈಗ ಬಿಡಿಸಿ ಹೇಳಬೇಕಿಲ್ಲ.

ಚಿತ್ರ ತೆಗೆಯುವ ವಿಷಯ ಬಂತು, ಒಂದು ಹೋಲಿಕೆ ಹೇಳದೆ ಮುಂದೆ ಹೋಗಲಾರೆ. ಕಠ್ಮಂಡುವಿನ ಹನುಮಾನ್ ಢೋಕಾ ಚೌಕದ ಬಳಿ ಜಯಪ್ರಕಾಶ ಮಲ್ಲ 1757ರಲ್ಲಿ ಕಟ್ಟಿಸಿದ ಕುಮಾರಿ ಮನೆಯಿದೆ. ಜೀವಂತ ದೇವತೆಯೆಂದು ಆರಿಸಿದ ಪುಟ್ಟ ಹುಡುಗಿ ಅಲ್ಲಿರುತ್ತಾಳೆ. ಅಂಗಳದಲ್ಲಿ ನಿಂತವರಿಗೆ ಆಕೆ ಕೆತ್ತನೆಯ ಕಿಟಕಿಯಲ್ಲಿ ಒಮ್ಮೊಮ್ಮೆ ಕ್ಷಣಕಾಲ ಕಾಣಿಸುತ್ತಾಳೆ. ಚಿತ್ರ ತೆಗೆಯುವುದು ನಿಷಿದ್ಧ. ಮಾರ್ಗದರ್ಶಿ ಹೇಳಿದ್ದೇ ತಡ, ನಾವೆಲ್ಲ ಕ್ಯಾಮೆರಾಗಳನ್ನು ಚೀಲಕ್ಕೆ ಸೇರಿಸಿ ಕೈ ಮುಗಿದು ನಿಂತೆವು. ಆ ಪದ್ಧತಿಯ ಬಗ್ಗೆ ಎಷ್ಟು ಚರ್ಚೆಯಿದ್ದರೂ ಇರಲಿ, ಕುಮಾರಿಗೂ ಶಿಕ್ಷಣ, ಆರೋಗ್ಯಗಳ ಹಕ್ಕಿದೆ ಎಂದು ನೇಪಾಳದ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ತೀರ್ಪು ಕೊಟ್ಟಿದೆ. ಅಂದು ಸಂಜೆ ಬಾಲಗೃಹಕ್ಕೆ ಮರಳಿ, ಅದೇ ಕ್ಯಾಮೆರಾ ಹೊರತೆಗೆದು, ಹಲ್ಲುಜ್ಜುತ್ತಿದ್ದ ಮಕ್ಕಳ ಚಿತ್ರ ತೆಗೆದೆ. ಯಾರ ಒಪ್ಪಿಗೆ ಕೇಳಬೇಕಿತ್ತೋ ಅವರು ಸತ್ತಿದ್ದಾರೆಂದು ನನಗೆ ಹೇಳಲಾಗಿತ್ತು.

ಆಗಿನಿಂದ ಕೆಲವು ಬದಲಾವಣೆಗಳಾಗಿವೆ. ಭೂಕಂಪವಾದ ವಾರಗಳಲ್ಲಿ ದಲ್ಲಾಳಿಗಳು ಮತ್ತೆ ಹಳ್ಳಿಗಳಿಗೆ ಇಳಿಯುವರೆಂಬ ಭಯದಿಂದ ಸರ್ಕಾರ ವಿದೇಶಿ ದತ್ತುವನ್ನು ತಡೆಹಿಡಿದು, ತಂದೆ ತಾಯಿ ಅಥವಾ ಅಧಿಕೃತ ಪೋಷಕರಿಲ್ಲದೆ ಮಕ್ಕಳು ಜಿಲ್ಲೆ ದಾಟುವುದನ್ನು ನಿಷೇಧಿಸಿತು. 2018ರ ಮಕ್ಕಳ ಕಾಯ್ದೆ, ಬಂಧುಗಳ ಮನೆ ಮತ್ತು ಸಾಕು ಕುಟುಂಬಗಳ ಸಾಧ್ಯತೆ ಮುಗಿದ ಮೇಲಷ್ಟೇ ಬಾಲಗೃಹ ಎನ್ನುತ್ತದೆ. ಪ್ರವಾಸಿ ವೀಸಾದಲ್ಲಿ ಬಂದವರು ಸಂಬಳವಿಲ್ಲದ ಸೇವೆಯನ್ನೂ ಅನುಮತಿಯಿಲ್ಲದೆ ಮಾಡುವಂತಿಲ್ಲ. ನಮಗೆ ವೀಸಾ ಬೇಡ ಎಂಬುದನ್ನು ಇಲ್ಲಿ ಜಾಣತನವೆಂದು ಯಾರೂ ತಿಳಿಯಬಾರದು. ವಿಶ್ವಸಂಸ್ಥೆಯ ಮಹಾಸಭೆ 2019ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ನಿರ್ಣಯದಲ್ಲಿ ಪ್ರವಾಸದ ಭಾಗವಾಗಿ ನಡೆಯುವ ಅನಾಥಾಲಯ ಸೇವೆಯಿಂದ ಮಕ್ಕಳಿಗಾಗುವ ಹಾನಿಯನ್ನು ಹೆಸರಿಸಿ ಹೇಳಿದೆ. ನೆಕ್ಸ್ಟ್ ಜನರೇಶನ್ ನೇಪಾಳ್ ಎಂಬ ಸಂಸ್ಥೆ 2006ರಿಂದ ಇಂಥ ಮಕ್ಕಳ ಮನೆಗಳನ್ನು ಹುಡುಕಿ ಸೇರಿಸುವ ಕೆಲಸದಲ್ಲಿ ತೊಡಗಿದೆ. ಅದು ಎಂಥ ಕೆಲಸವೆಂದರೆ, ಮಗುವಿನ ನೆನಪಿನಲ್ಲಿ ಉಳಿದ ಒಂದು ಹೊಳೆ, ಒಂದು ಗುಡಿ, ಅಜ್ಜಿಯನ್ನು ಕರೆಯುತ್ತಿದ್ದ ಹೆಸರು ಇಷ್ಟನ್ನೇ ಹಿಡಿದು ದಿನಗಟ್ಟಲೆ ಬೆಟ್ಟ ನಡೆಯಬೇಕು. ಊರು ಸಿಕ್ಕಿದ ಮೇಲೂ ಭಾಷೆ ಮರೆತ ಮಗ ಮತ್ತು ಮುಖ ಮರೆತ ತಾಯಿಯ ನಡುವೆ ತಿಂಗಳುಗಟ್ಟಲೆ ಓಡಾಡಬೇಕು. ಅದನ್ನು ನೇಪಾಳದ ಕಾರ್ಯಕರ್ತರೇ ಮಾಡಬಲ್ಲರು. ರಜೆ ಹಾಕಿ ಬಂದವರಿಂದ ಆಗದು.

ಹಾಗಾದರೆ ಹೋಗಲೇಬಾರದೇ ಎಂದು ನೀವು ಕೇಳುವಿರಿ. ಹೋಗಿ. ನೇಪಾಳವನ್ನು ಕಣ್ತುಂಬ ನೋಡಿ, ಪ್ರವಾಸಿಯಾಗಿರುವುದಕ್ಕೆ ನಾಚಿಕೊಂಡು ಅದರ ಮೇಲೆ ಸೇವೆಯ ಶಾಲು ಹೊದಿಸಬೇಡಿ. ಭಕ್ತಪುರದ ಕುಂಬಾರ ಚೌಕದಲ್ಲಿ ಮಡಕೆ ಕೊಳ್ಳಿ, ಊರಿನ ಮನೆಯಲ್ಲಿ ತಂಗಿ, ಪರವಾನಗಿಯುಳ್ಳ ಮಾರ್ಗದರ್ಶಿಗೂ ಹೊರೆ ಹೊರುವವನಿಗೂ ಚೌಕಾಶಿಯಿಲ್ಲದೆ ಕೂಲಿ ಕೊಡಿ. ಆ ಹೊರೆಯಾಳು ಯಾರದೋ ಅಪ್ಪ. ಅವನ ಕೈಗೆ ಬಂದ ಕೂಲಿಯಿಂದ ಅವನ ಮಗಳು ತನ್ನ ಊರಿನ ಶಾಲೆಯಲ್ಲೇ ಉಳಿಯುತ್ತಾಳೆ. ಕೈಯಲ್ಲಿ ನಿಜವಾದ ವಿದ್ಯೆಯಿದ್ದರೆ, ನೀವು ದಾದಿಯೋ ಲೆಕ್ಕಿಗರೋ ವಿಶೇಷ ಮಕ್ಕಳ ಶಿಕ್ಷಕರೋ ಆಗಿದ್ದರೆ, ಅಲ್ಲಿಯ ದೊಡ್ಡವರಿಗೆ ಅದನ್ನು ಕಲಿಸಬಹುದು, ಅದೂ ಅವರು ಕೇಳಿದರೆ. ನಾನು ಅಂದು ಕಟ್ಟಿದ ಹಣ ಒಂದು ಕುಟುಂಬಕ್ಕೆ ತಲುಪಿದ್ದರೆ ಒಂದು ಮಗು ಸಿಮಿಕೋಟ್‌ನಿಂದ ವಿಮಾನ ಹತ್ತುವುದು ತಪ್ಪುತ್ತಿತ್ತೇನೋ. ಬದಲಿಗೆ ಅದು ಆ ವಿಮಾನದ ಟಿಕೆಟ್ ಖರ್ಚಾಗಿ ಹೋಯಿತು.

ಮಾತು ಮುಗಿದ ಮೇಲೆ ಸಭೆಯಿಂದ ಬಂದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತಿದ್ದೇನೆ. ಟೀಕಾ ಬೇಡವೆಂದ ಆ ಹುಡುಗನಿಗೆ ಮುಂದೆ ಏನಾಯಿತು ಎಂದು ಹಿರಿಯರೊಬ್ಬರು ಕೇಳಿದರು. ಹುಣ್ಣಿಮೆಗೆ ಎರಡು ದಿನ ಇರುವಾಗಲೇ ನಾನು ಹೊರಟುಬಂದಿದ್ದೆ. ಭೂಕಂಪದ ನಂತರ ವಿಚಾರಿಸಿದಾಗ ಬಾಲಗೃಹ ಮುಚ್ಚಿತ್ತು, ಫೋನ್ ಸಂಖ್ಯೆ ಸ್ತಬ್ಧವಾಗಿತ್ತು. ಮಕ್ಕಳನ್ನು ಮನೆಗೆ ಸೇರಿಸುವವರನ್ನು ಸಂಪರ್ಕಿಸಿದೆ. ಅವರು ಮೊದಲು ಕೇಳಿದ್ದು ಹುಡುಗ ಯಾವ ಊರಿನವನು ಎಂದು. ಆ 21 ದಿನಗಳಲ್ಲಿ ನಾನು ಸ್ವಯಂಭೂವಿನ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸಿ, ಜನ ಹೇಳುವಂತೆ ಅವು 365 ಹೌದೋ ಅಲ್ಲವೋ ಎಂದು ತಾಳೆ ನೋಡಿ, ದಿನಚರಿಯಲ್ಲಿ ಬರೆದಿಟ್ಟಿದ್ದೆ. ಹುಡುಗನ ಊರಿನ ಹೆಸರನ್ನು ಕೇಳಿರಲಿಲ್ಲ.